ಮೋಟಾರು ಲೈಸೆನ್ಸೂ ಹೊಣೆಪತ್ರವೂ

೧

‘ಹೊಣೆ’ ಎಂಬುದು ನಮ್ಮ ಭಾಷೆಯ ಪ್ರಾಚೀನ ಶಬ್ದಗಳಲ್ಲಿ ಒಂದು. ಹಳಗನ್ನಡದಲ್ಲಿ ಇದರ ರೂಪವು ‘ಪೊಣೆ’. ಪದಾದಿಯ ಪಕಾರವು ಹಕಾರವಾಗುವ ಕ್ರಮದಲ್ಲಿ ಇದು ‘ಹೊಣೆ’ ಎಂದಾಯಿತು. ‘ಈ ಅನಾಹುತಕ್ಕೆ ಯಾರು ಹೊಣೆ?’ ಎಂದು ಈಗ ನಾವು ಕೇಳುವಾಗ ತಪ್ಪು ಯಾರದೆಂಬುದನ್ನು ಕೇಳುತ್ತೇವೆ. ಶಬ್ದದ ಹಳೆಯ ಅರ್ಥವು ಇದಕ್ಕಿಂತ ಬೇರೆ. ಒಬ್ಬನ ಸಾಲಕ್ಕಾಗಲಿ ನಡತೆಗಾಗಲಿ ಮತ್ತೊಬ್ಬನು ಜಾಮೀನಾಗಿ ನಿಲ್ಲುವುದೇ ಹೊಣೆ. ಹೊಣೆ ನಿಂತವನು ಯಾವ ತಪ್ಪನ್ನೂ ಮಾಡಿದವನಲ್ಲ. ಮುಂದೆ ನಷ್ಟವೊದಗಿದರೆ ತಾನು ತೆರುವೆನೆಂದು ಮಾತು ಕೊಟ್ಟವನು. ಪಾರಸಿಯ ಮೂಲಕ ನಮಗೆ ಬಂದ ‘ಜವಾಬ್ದಾರಿ’ ಎಂಬ ಶಬ್ದದೊಳಗೆ ‘ಜವಾಬು’, ಎಂದರೆ ಉತ್ತರ, ಅಡಗಿದೆ. ನಡೆದುಹೋದುದಕ್ಕೆ ಉತ್ತರ ಹೇಳಬೇಕಾದವನು ಜವಾಬ್ದಾರನು. ಹೀಗೆ ಒಂದು ಶಬ್ದವು ಮುಂದನ್ನು ನೋಡುತ್ತದೆ, ಇನ್ನೊಂದು ಹಿಂದನ್ನು ನೋಡುತ್ತದೆ. ಇಂಗ್ಲಿಷಿನ ‘ರೆಸ್ಪಾನ್ಸಿಬಿಲಿಟಿ’ ಎಂಬ ಶಬ್ದದ ಲ್ಯಾಟಿನ್ ಮೂಲದಲ್ಲಿ ಉತ್ತರ ಕೊಡುವುದು, ಮಾತು ಕೊಡುವುದು ಎಂಬ ಎರಡು ಭಾವಗಳೂ ಬೆರೆತುಕೊಂಡಿವೆ.

ಈ ಬೆರಕೆಯು ನಿಘಂಟುಕಾರರಿಗೆ ಮಾತ್ರ ಸಂಬಂಧಪಟ್ಟ ವಿಷಯವೆಂದು ವಾಚಕರು ಭಾವಿಸಬಾರದು. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ‘ಆರ್ಥಿಕ ರೆಸ್ಪಾನ್ಸಿಬಿಲಿಟಿ’ಯ ಕಾನೂನುಗಳೆಂಬ ಹೆಸರಿನಲ್ಲಿ ೧೯೨೫ರಿಂದ ಹುಟ್ಟಿಬಂದ ಒಂದು ಕಾನೂನುಗಳ ಗುಂಪು ಉಂಟು. ಮೋಟಾರು ನಡೆಸುವ ಲೈಸೆನ್ಸನ್ನು ಕಳೆದುಕೊಂಡವನು ಅದನ್ನು ಮತ್ತೆ ಪಡೆಯಬೇಕಾದರೆ, ತನಗೆ ವಿಮೆಯ ಬೆಂಬಲವಿದೆಯೆಂದು ಸರ್ಕಾರಕ್ಕೆ ರುಜುವಾತು ಒಪ್ಪಿಸಬೇಕೆಂಬುದು ಈ ಕಾನೂನುಗಳ ತಿರುಳು. ಆ ರುಜುವಾತು ಹಿಂದಿನ ನಷ್ಟಕ್ಕೆ ಉತ್ತರವೋ, ಮುಂದಿನ ನಷ್ಟಕ್ಕೆ ಜಾಮೀನೋ ಎಂಬ ಪ್ರಶ್ನೆಯು ಅರ್ಧ ಶತಮಾನದ ಕಾಲ ಅಲ್ಲಿಯ ನ್ಯಾಯಸ್ಥಾನಗಳನ್ನು ಕಾಡಿತು. ಅದರ ತೀರ್ಮಾನದ ಮೇಲೆ ಎಷ್ಟೋ ಜನರ ಜೀವನೋಪಾಯವೂ, ಗಾಯಗೊಂಡ ಎಷ್ಟೋ ಜನರ ಪರಿಹಾರವೂ ನಿಂತಿದ್ದುವು. ಆ ಇತಿಹಾಸವನ್ನು ಕ್ರಮವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

೨

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯಬೇಕು. ಅಮೆರಿಕದ ಬಹುಪಾಲು ಸಂಸ್ಥಾನಗಳಲ್ಲಿ ಈ ರುಜುವಾತಿಗೆ ‘ಎಸ್. ಆರ್. ೨೨’ ಎಂಬ ನಮೂನೆ ರೂಢಿಯಲ್ಲಿದೆ. ‘ಎಸ್. ಆರ್.’ ಎಂಬುದು ‘ಸೇಫ್ಟಿ ರೆಸ್ಪಾನ್ಸಿಬಿಲಿಟಿ’ ಎಂಬ ಮಾತಿನ ಸಂಕ್ಷೇಪ. ನಾವು ಅನುಕೂಲಕ್ಕಾಗಿ ಇದನ್ನು ‘ಹೊಣೆಪತ್ರ’ವೆಂದು ಕರೆಯೋಣ. ಇದು ವಿಮಾಪತ್ರವಲ್ಲ. ವಿಮಾಪತ್ರವು ವಿಮಾ ಕಂಪೆನಿಗೂ ಚಾಲಕನಿಗೂ ನಡುವಣ ಕರಾರು. ಹೊಣೆಪತ್ರವು ಕಂಪೆನಿಯು ಸರ್ಕಾರಕ್ಕೆ ಬರೆದುಕೊಡುವ ಪ್ರಮಾಣಪತ್ರ. ಇಂಥವನಿಗೆ ಕಾನೂನು ಗೊತ್ತುಮಾಡಿದ ಕನಿಷ್ಠ ಮೊತ್ತಕ್ಕೆ ಕಡಮೆಯಿಲ್ಲದಂತೆ ವಿಮೆ ನಡೆಯುತ್ತಿದೆಯೆಂದು ಅದರಲ್ಲಿ ಕಂಪೆನಿಯು ಸಾಕ್ಷಿ ನುಡಿಯುತ್ತದೆ. ವಿಮೆಯು ನಿಂತುಹೋದರೆ ಆ ಸಂಗತಿಯನ್ನು ಸರ್ಕಾರಕ್ಕೆ ತಿಳಿಸುವುದೂ ಕಂಪೆನಿಯ ಕರ್ತವ್ಯ, ಅದಕ್ಕೆ ‘ಎಸ್. ಆರ್. ೨೬’ ಎಂಬ ಬೇರೆ ನಮೂನೆಯುಂಟು. ಆ ತಿಳಿವಳಿಕೆ ಬಂದೊಡನೆ, ಬೇರೆ ರುಜುವಾತು ಒದಗದಿದ್ದ ಪಕ್ಷದಲ್ಲಿ, ಲೈಸೆನ್ಸು ಮತ್ತೆ ಅಮಾನತಿಗೆ ಹೋಗುತ್ತದೆ.

ಕುಡಿದು ಗಾಡಿ ನಡೆಸಿದವರು, ಅಪಘಾತ ಮಾಡಿ ನಿಲ್ಲದೆ ಹೋದವರು, ವಿಮೆಯಿಲ್ಲದೆ ಗಾಡಿ ನಡೆಸಿ ಸಿಕ್ಕಿಬಿದ್ದವರು, ನ್ಯಾಯಸ್ಥಾನದ ಡಿಕ್ರಿಯ ಹಣವನ್ನು ತೀರಿಸದವರು, ಇವರೇ ಸಾಮಾನ್ಯವಾಗಿ ಹೊಣೆಪತ್ರವನ್ನು ಒಪ್ಪಿಸಬೇಕಾದವರು. ಅನೇಕ ಸಂಸ್ಥಾನಗಳಲ್ಲಿ ಮೂರು ವರ್ಷ ಅದನ್ನು ಎಡೆಬಿಡದೆ ನಡೆಸಿಕೊಂಡು ಬರಬೇಕು. ಸ್ವಂತ ಗಾಡಿಯಿಲ್ಲದವನೂ ಲೈಸೆನ್ಸು ಬೇಕೆಂದರೆ ಹೊಣೆಪತ್ರವನ್ನು ಕೊಡಬೇಕಾಗುತ್ತದೆ. ಅಂಥವರಿಗಾಗಿ ಗಾಡಿಯನ್ನು ಹೆಸರಿಸದೆ ಚಾಲಕನನ್ನು ಮಾತ್ರ ಹೆಸರಿಸುವ ವಿಮೆಯೂ ಇದೆ. ಈ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು. ಹೊಣೆಪತ್ರವು ಗಾಡಿಗೆ ಅಂಟಿದುದಲ್ಲ, ಮನುಷ್ಯನಿಗೆ ಅಂಟಿದುದು. ನಮೂನೆಯನ್ನು ಸಲ್ಲಿಸುವ ವೆಚ್ಚವು ಅಲ್ಪ. ಆದರೆ ಇಂಥ ಚಾಲಕನಿಂದ ನಷ್ಟದ ಸಂಭವವು ಹೆಚ್ಚೆಂದು ಎಣಿಸಿ ಕಂಪೆನಿಗಳು ಕೇಳುವ ವಿಮೆಯ ಕಂತು ಅಲ್ಪವಲ್ಲ.

೩

ಈ ಪದ್ಧತಿಯು ಹುಟ್ಟಿದ ಕಾಲವು ಮೋಟಾರುಗಾಡಿಯು ಶ್ರೀಮಂತರ ವಿಲಾಸವಾಗಿರದೆ ಸಾಮಾನ್ಯರ ಸಾಧನವಾದ ಕಾಲ. ೧೯೧೦ರಲ್ಲಿ ಅಮೆರಿಕದಲ್ಲಿ ನೋಂದಣಿಯಾದ ಮೋಟಾರುಗಾಡಿಗಳು ಐದು ಲಕ್ಷಕ್ಕೂ ಕಡಮೆಯಾಗಿದ್ದುವು. ೧೯೨೫ರ ವೇಳೆಗೆ ಸುಮಾರು ಎರಡು ಕೋಟಿಯಾದುವು. ಆ ವರ್ಷ ರಸ್ತೆಯ ಅಪಘಾತಗಳಲ್ಲಿ ಸತ್ತವರು ಇಪ್ಪತ್ತು ಸಾವಿರಕ್ಕೂ ಹೆಚ್ಚು. ಗಾಡಿಗಳನ್ನು ಕಂತಿನ ಸಾಲದ ಮೇಲೆ ಕೊಳ್ಳುವುದು ರೂಢಿಗೆ ಬಂದಿದ್ದಿತು. ಗಾಡಿಯಿದ್ದವನಲ್ಲಿ ಬೇರೆ ಆಸ್ತಿಯಿರುವುದೆಂಬ ಭರವಸೆಯಿರಲಿಲ್ಲ. ಗಾಯಗೊಂಡವನು ದಾವೆ ಹೂಡಿ, ಗೆದ್ದು, ಡಿಕ್ರಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತರೂ ವಸೂಲಿಗೆ ಏನೂ ಸಿಕ್ಕದೆ ಹೋಗುವುದು ಸಾಮಾನ್ಯವಾಯಿತು.

ಈ ಕಷ್ಟಕ್ಕೆ ನೆರೆಹೊರೆಯ ಎರಡು ಸಂಸ್ಥಾನಗಳು ಒಂದೇ ವರ್ಷ ಎರಡು ಬೇರೆ ಪರಿಹಾರಗಳನ್ನು ಕಂಡುಕೊಂಡುವು. ಮ್ಯಾಸಚೂಸೆಟ್ಸ್ ಸಂಸ್ಥಾನವು ೧೯೨೫ರಲ್ಲಿ, ವಿಮೆಯಿಲ್ಲದೆ ಅಥವಾ ತತ್ಸಮಾನವಾದ ಭದ್ರತೆಯಿಲ್ಲದೆ ಯಾವ ಗಾಡಿಯನ್ನೂ ನೋಂದಾಯಿಸತಕ್ಕುದಲ್ಲವೆಂದು ಶಾಸನ ಮಾಡಿತು. ಇದು ೧೯೨೭ರ ಜನವರಿ ೧ರಿಂದ ಜಾರಿಗೆ ಬಂದಿತು. ಒಬ್ಬನಿಗಾದ ಹಾನಿಗೆ ೫,೦೦೦ ಡಾಲರು, ಒಂದು ಅಪಘಾತದಲ್ಲಿ ಎಲ್ಲರಿಗೂ ಸೇರಿ ೧೦,೦೦೦ ಡಾಲರು ಅದರ ಮಿತಿ. ಕಡ್ಡಾಯದ ವಿಮೆಗೆ ಅಮೆರಿಕದಲ್ಲಿ ಇದೇ ಮೊದಲು. ಕನೆಟಿಕಟ್ ಸಂಸ್ಥಾನವು ಹಿಡಿದ ದಾರಿ ಬೇರೆ. ೧೯೨೫ರಲ್ಲಿ ಮಾಡಿ ೧೯೨೬ರಲ್ಲಿ ಜಾರಿಗೆ ತಂದ ಅಲ್ಲಿಯ ಶಾಸನವು ಎಲ್ಲರನ್ನೂ ವಿಮೆ ಮಾಡಿಸಿರೆಂದು ಕಟ್ಟುಪಡಿಸಲಿಲ್ಲ. ಗುರುತರವಾದ ಕೆಲವು ಅಪರಾಧಗಳಿಗೆ ಶಿಕ್ಷೆ ಹೊಂದಿದವರನ್ನೂ, ಗೊತ್ತಾದ ಬಗೆಯ ಅಪಘಾತಗಳಲ್ಲಿ ಸಿಕ್ಕಿದವರನ್ನೂ ಆರಿಸಿಕೊಂಡು, ಮುಂದಿನ ನಷ್ಟಗಳನ್ನು ತೆರಲು ಶಕ್ತಿಯುಂಟೆಂಬುದಕ್ಕೆ ಅವರಿಂದ ಮಾತ್ರ ರುಜುವಾತು ಕೇಳಿತು. ಹೊಣೆಪತ್ರದ ವಂಶವು ಇಲ್ಲಿಂದ ಮೊದಲಾಗುತ್ತದೆ.

ಮ್ಯಾಸಚೂಸೆಟ್ಸಿನ ಮಾರ್ಗವನ್ನು ವಿಮಾ ಕಂಪೆನಿಗಳು ವಿರೋಧಿಸಿದುವು. ವಿಮೆಯು ಕಡ್ಡಾಯವಾದರೆ ಕಂತಿನ ದರವನ್ನು ಸರ್ಕಾರವು ನಿಯಮಿಸುವುದು, ಯಾರನ್ನೂ ನಿರಾಕರಿಸಲಾಗದು, ಕಡೆಗೆ ಸರ್ಕಾರವೇ ವಿಮೆಯ ವ್ಯಾಪಾರಕ್ಕೆ ಇಳಿಯುವುದು ಎಂದು ಅವು ಅಂಜಿದುವು. ಆದಕಾರಣ ಕನೆಟಿಕಟ್ಟಿನ ಮಾರ್ಗವೇ ಹೆಚ್ಚಾಗಿ ಹರಡಿತು. ೧೯೨೦ರ ದಶಕದ ಕೊನೆಗೆ ಅಮೆರಿಕನ್ ಆಟೊಮೊಬೈಲ್ ಅಸೋಸಿಯೇಷನ್ ಎಂಬ ಮೋಟಾರುಗಾರರ ಸಂಘವು ಇದೇ ಜಾತಿಯ ಮಾದರಿ ಮಸೂದೆಯೊಂದನ್ನು ಮುಂದಿಟ್ಟಿತು. ಮ್ಯಾಸಚೂಸೆಟ್ಸನ್ನು ಅನುಸರಿಸಿ ಕಡ್ಡಾಯದ ವಿಮೆಯನ್ನು ತಂದ ಎರಡನೆಯ ಸಂಸ್ಥಾನವಾದ ನ್ಯೂಯಾರ್ಕು ಆ ಶಾಸನವನ್ನು ಮಾಡಿದ್ದು ೧೯೫೬ರಲ್ಲಿ. ಎಂದರೆ ಮೂವತ್ತು ವರ್ಷಗಳ ಕಾಲ ಮಿಕ್ಕ ದೇಶವೆಲ್ಲವೂ ಹೊಣೆಪತ್ರದ ಮಾರ್ಗವನ್ನೇ ನೆಚ್ಚಿಕೊಂಡಿದ್ದಿತು.

೪

ಕನೆಟಿಕಟ್ಟಿನ ಮಾರ್ಗದಲ್ಲಿ ಒಂದು ನ್ಯೂನತೆಯುಂಟೆಂಬುದು ಬೇಗನೆ ಗೋಚರವಾಯಿತು. ಆ ಕಾನೂನು ಮೊದಲನೆಯ ಅಪಘಾತವಾದ ಮೇಲೆ ಎಚ್ಚರಗೊಳ್ಳುತ್ತದೆ. ಎರಡನೆಯ ಅಪಘಾತದಲ್ಲಿ ಗಾಯಗೊಳ್ಳುವವನಿಗೆ ಅದು ರಕ್ಷೆ. ಮೊದಲನೆಯದರಲ್ಲಿ ಕಾಲು ಕಳೆದುಕೊಂಡವನಿಗೆ ಅದರಿಂದ ಕಾಸಿನ ಪ್ರಯೋಜನವೂ ಇಲ್ಲ. ೧೯೩೨ರಲ್ಲಿ ಕೊಲಂಬಿಯ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ವಿದ್ವಾಂಸರ ಸಮಿತಿಯೊಂದು ಮೋಟಾರು ಅಪಘಾತಗಳ ಪರಿಹಾರವನ್ನು ಕುರಿತು ವಿಸ್ತಾರವಾದ ವರದಿಯನ್ನು ಪ್ರಕಟಿಸಿತು. ವಿಮೆಯಿಲ್ಲದವನ ಗಾಡಿಗೆ ಸಿಕ್ಕಿದವರಲ್ಲಿ ಬಹುಮಂದಿಗೆ ಪರಿಹಾರವು ದೊರೆಯುವುದಿಲ್ಲವೆಂದು ಅದು ತೋರಿಸಿತು. ಕಾರ್ಖಾನೆಯ ಕೆಲಸಗಾರರಿಗೆ ಸಲ್ಲುವಂತೆ, ತಪ್ಪೊಪ್ಪುಗಳನ್ನು ಎಣಿಸದೆ ಪರಿಹಾರ ಕೊಡುವ ಕಡ್ಡಾಯದ ಏರ್ಪಾಡು ಬೇಕೆಂದು ಸಲಹೆ ಮಾಡಿತು. ಆ ಸಲಹೆ ಆಗ ಕೈಗೂಡಲಿಲ್ಲ.

ಶಾಸನಕರ್ತರು ಹುಡುಕಿದ ಉಪಾಯವು ಹೊಣೆಪತ್ರವನ್ನು ಬಿಡದೆ ಅದಕ್ಕೆ ಇನ್ನೊಂದು ಅಂಗವನ್ನು ಕಟ್ಟುವುದಾಗಿದ್ದಿತು. ಈ ಎರಡನೆಯ ಅಂಗವು ಎರಡು ರೂಪಗಳಲ್ಲಿ ಬಂದಿತು. ಒಂದು, ಅಪಘಾತದ ನಿಮಿತ್ತವಾಗಿ ತನ್ನ ಮೇಲೆ ಆದ ಡಿಕ್ರಿಯನ್ನು ತೀರಿಸದವನ ಲೈಸೆನ್ಸನ್ನು ಅದು ತೀರುವವರೆಗೂ ಅಮಾನತಿನಲ್ಲಿಡುವುದು. ಇನ್ನೊಂದು, ನ್ಯೂಹ್ಯಾಂಪ್‌ಷೈರ್ ಸಂಸ್ಥಾನವು ೧೯೩೭ರಲ್ಲಿ ತಂದ ಕ್ರಮ: ವಿಮೆಯಿಲ್ಲದವನು ಅಪಘಾತದಲ್ಲಿ ಸಿಕ್ಕಿದೊಡನೆ, ದಾವೆಯ ತೀರ್ಪನ್ನು ಕಾಯದೆ, ಆಗಿರಬಹುದಾದ ನಷ್ಟದ ಅಂದಾಜಿಗೆ ತಕ್ಕ ಠೇವಣಿಯನ್ನು ಇಡಬೇಕು, ಇಡದಿದ್ದರೆ ಲೈಸೆನ್ಸು ಹೋಗುವುದು. ಮುಂದೆ ಬಹುಮಂದಿ ಸಂಸ್ಥಾನಗಳವರು ಈ ಮಾದರಿಯನ್ನೇ ಅನುಸರಿಸಿದರು.

ಇಲ್ಲಿ ಆದ ಅರ್ಥಪಲ್ಲಟವನ್ನು ಗಮನಿಸಬೇಕು. ೧೯೨೫ರ ಕನೆಟಿಕಟ್ಟಿನ ಶಾಸನವು ಕೇಳಿದುದು ನಮ್ಮ ಹಳೆಯ ಅರ್ಥದ ಪೊಣೆಯನ್ನು, ಮುಂದಿನ ನಷ್ಟಕ್ಕೆ ಜಾಮೀನನ್ನು. ಆಮೇಲಿನ ಶಾಸನಗಳು ಅದೇ ಹೆಸರಿನಡಿಯಲ್ಲಿ ಆಗಿಹೋದ ನಷ್ಟಕ್ಕೆ ಜವಾಬನ್ನೂ ಕೇಳಿದುವು. ಎರಡು ಬೇಡಿಕೆಗಳಿಗೂ ಒತ್ತೆಯಾದುದು ಒಂದೇ ಲೈಸೆನ್ಸು. ರಸ್ತೆಯ ಕ್ಷೇಮಕ್ಕಾಗಿ ಕೊಡುವ, ಕ್ಷೇಮಕ್ಕಾಗಿ ಕಿತ್ತುಕೊಳ್ಳುವ ಅನುಮತಿಪತ್ರವು ಹೀಗೆ ಸಾಲ ವಸೂಲಿಯ ಸಾಧನವೂ ಆಯಿತು.

ಇದರೊಡನೆ ಮತ್ತೊಂದು ತೊಡಕೂ ಹುಟ್ಟಿತು. ವಿಮೆಯ ರುಜುವಾತು ತರದೆ ಲೈಸೆನ್ಸಿಲ್ಲವೆಂದು ಸರ್ಕಾರವು ಹೇಳುತ್ತದೆ. ಇಂಥ ಮನುಷ್ಯನಿಗೆ ವಿಮೆ ಕೊಡುವುದಿಲ್ಲವೆಂದು ಕಂಪೆನಿಯು ಹೇಳುತ್ತದೆ. ಬಾಗಿಲನ್ನು ತೆರೆದಿಟ್ಟು ಮೆಟ್ಟಿಲನ್ನು ಕಿತ್ತಂತಾಯಿತು. ಇದರ ಪರಿಹಾರಕ್ಕಾಗಿ ೧೯೩೮ರಲ್ಲಿ, ಮತ್ತೆ ನ್ಯೂಹ್ಯಾಂಪ್‌ಷೈರಿನಲ್ಲಿಯೇ, ಕಂಪೆನಿಗಳು ತಮ್ಮತಮ್ಮಲ್ಲಿ ಒಂದು ಒಪ್ಪಂದ ಮಾಡಿಕೊಂಡುವು. ಯಾರೂ ಒಲ್ಲದ ಚಾಲಕರನ್ನು, ಪ್ರತಿಯೊಂದು ಕಂಪೆನಿಯೂ ತನ್ನ ವ್ಯಾಪಾರದ ಪ್ರಮಾಣಕ್ಕೆ ತಕ್ಕಂತೆ, ಪಾಲಿಗೆ ಬಂದಷ್ಟು ಮಂದಿಯನ್ನು ಸ್ವೀಕರಿಸತಕ್ಕುದೆಂಬುದೇ ಆ ಒಪ್ಪಂದ. ಕ್ಯಾಲಿಫೋರ್ನಿಯ ಸಂಸ್ಥಾನವು ೧೯೪೭ರಲ್ಲಿ ಇದನ್ನು ಕಂಪೆನಿಗಳ ಇಷ್ಟಕ್ಕೆ ಬಿಡದೆ ಶಾಸನದಿಂದ ಕಟ್ಟುಮಾಡಿತು. ವಿಮಾ ಸಂಸ್ಥೆಯೊಂದು ಇದನ್ನು ಪ್ರಶ್ನಿಸಿದಾಗ ಅಮೆರಿಕದ ಸರ್ವೋಚ್ಚ ನ್ಯಾಯಸ್ಥಾನವು ೧೯೫೧ರಲ್ಲಿ ಸಂಸ್ಥಾನದ ಅಧಿಕಾರವನ್ನು ಎತ್ತಿಹಿಡಿಯಿತು. ಪ್ರಜೆಯಿಂದ ಜಾಮೀನನ್ನು ಬೇಡುವ ಸರ್ಕಾರವು ಜಾಮೀನು ದೊರೆಯುವ ಮಾರ್ಗವನ್ನೂ ಕಲ್ಪಿಸಬಹುದೆಂಬ ನ್ಯಾಯವು ಇದರಿಂದ ಸ್ಥಿರಪಟ್ಟಿತು. ಕಂತಿನ ಭಾರವಾದರೋ ಚಾಲಕನ ಮೇಲೆಯೇ ಉಳಿಯಿತು.

೫

ಈಗ ನ್ಯಾಯಸ್ಥಾನಗಳ ವಿಚಾರಕ್ಕೆ ಬರಬಹುದು. ಸಾಲದಿಂದ ಕುಗ್ಗಿದವನು ದಿವಾಳಿಯ ಕಾನೂನಿನ ಮೊರೆಹೊಕ್ಕು ಋಣಮುಕ್ತನಾಗುವುದಕ್ಕೆ ಅಮೆರಿಕದಲ್ಲಿ ಕೇಂದ್ರಸರ್ಕಾರದ ಕಾನೂನು ಅವಕಾಶ ಕೊಟ್ಟಿದೆ. ಹಾಗೆ ಋಣಮುಕ್ತನಾದವನ ಲೈಸೆನ್ಸನ್ನು, ಹಳೆಯ ಅಪಘಾತದ ಡಿಕ್ರಿ ತೀರಲಿಲ್ಲವೆಂಬ ಕಾರಣದಿಂದ, ಸಂಸ್ಥಾನವು ತಡೆಹಿಡಿಯಬಹುದೆ? ನ್ಯೂಯಾರ್ಕಿನಿಂದ ಬಂದ ರೈಟ್ಸ್–ಮೀಲಿ ಮೊಕದ್ದಮೆಯಲ್ಲಿ, ೧೯೪೧ರಲ್ಲಿ, ಸರ್ವೋಚ್ಚ ನ್ಯಾಯಸ್ಥಾನವು ತಡೆಹಿಡಿಯಬಹುದೆಂದು ಹೇಳಿತು. ಇದು ಸಾಲ ವಸೂಲಿಯ ಕ್ರಮವಲ್ಲ, ಅಜಾಗರೂಕರಿಂದ ರಸ್ತೆಯನ್ನು ಕಾಪಾಡುವ ಕ್ರಮ ಎಂಬುದು ಅದರ ಸಮಾಧಾನ. ಯೂಟಾ ಸಂಸ್ಥಾನದಿಂದ ಬಂದ ಕೆಸ್ಲರ್ ಮೊಕದ್ದಮೆಯಲ್ಲಿ, ೧೯೬೨ರಲ್ಲಿ, ಇದೇ ಅಭಿಪ್ರಾಯವು ಮತ್ತೆ ನೆಲೆಗೊಂಡಿತು.

ಒಂಬತ್ತು ವರ್ಷಗಳ ಮೇಲೆ, ೧೯೭೧ರಲ್ಲಿ, ಎಂಟು ದಿನಗಳ ಅಂತರದಲ್ಲಿ ಹೊರಬಿದ್ದ ಎರಡು ತೀರ್ಪುಗಳು ಈ ಕಟ್ಟಡವನ್ನು ಅಲುಗಿಸಿದುವು.

ಮೊದಲನೆಯದು ಮೇ ೨೪ರ ಬೆಲ್–ಬರ್ಸನ್ ತೀರ್ಪು. ಜಾರ್ಜಿಯ ಸಂಸ್ಥಾನದ ಪಾದ್ರಿಯೊಬ್ಬರು ಹಳ್ಳಿಗಾಡಿನ ಮೂರು ಊರುಗಳಲ್ಲಿ ಧರ್ಮಸೇವೆ ಮಾಡುತ್ತಿದ್ದರು. ಗಾಡಿಯಿಲ್ಲದೆ ಅವರ ಕೆಲಸ ಸಾಗದು. ೧೯೬೮ರ ನವೆಂಬರ್ ೨೪ರಂದು ಐದು ವರ್ಷದ ಹುಡುಗಿಯೊಬ್ಬಳ ಬೈಸಿಕಲ್ಲು ಅವರ ಗಾಡಿಯ ಪಕ್ಕಕ್ಕೆ ಬಂದು ಬಡಿಯಿತು. ಮಗುವಿನ ತಂದೆತಾಯಿಗಳು ೫,೦೦೦ ಡಾಲರಿನ ನಷ್ಟವನ್ನು ಹೇಳಿಕೊಂಡರು. ಪಾದ್ರಿಗೆ ವಿಮೆಯಿರಲಿಲ್ಲ. ೫,೦೦೦ ಡಾಲರಿನ ಠೇವಣಿಯನ್ನೋ ಮುಚ್ಚಳಿಕೆಯನ್ನೋ ಇಡಬೇಕು, ಇಲ್ಲವೆ ಎದುರುಪಕ್ಷದವರಿಂದ ಬಿಡುಗಡೆಯ ಪತ್ರವನ್ನು ತರಬೇಕು, ಅದರ ಮೇಲೆ ಮುಂದಿನ ಹೊಣೆಗೂ ರುಜುವಾತು ಒಪ್ಪಿಸಬೇಕು. ತಪ್ಪಿದರೆ ಲೈಸೆನ್ಸೂ ಗಾಡಿಯ ನೋಂದಣಿಯೂ ಅಮಾನತಿಗೆ ಹೋಗುವುವೆಂದು ಅಧಿಕಾರಿಗಳು ತಿಳಿಸಿದರು. ಹಿಂದಿನ ಜವಾಬು, ಮುಂದಿನ ಜಾಮೀನು ಎರಡೂ ಒಂದೇ ಆಜ್ಞೆಯಲ್ಲಿ ಹೆಣೆದುಕೊಂಡಿರುವುದನ್ನು ಇಲ್ಲಿ ಸ್ಪಷ್ಟವಾಗಿ ಕಾಣಬಹುದು. ತಪ್ಪು ತನ್ನದಲ್ಲವೆಂದು ಹೇಳಲು ಪಾದ್ರಿಯು ಅವಕಾಶ ಕೇಳಿದಾಗ, ತಪ್ಪಿನ ವಿಚಾರವು ಇಲ್ಲಿ ಅಪ್ರಸ್ತುತವೆಂಬ ಉತ್ತರ ಬಂದಿತು. ಸ್ಥಳದ ನ್ಯಾಯಸ್ಥಾನವು ಅವರು ನಿರ್ದೋಷಿಯೆಂದು ಕಂಡರೂ, ಸಂಸ್ಥಾನದ ಮೇಲ್ಮನವಿಯ ನ್ಯಾಯಸ್ಥಾನವು ಅದನ್ನು ತಳ್ಳಿಹಾಕಿತು.

ಸರ್ವೋಚ್ಚ ನ್ಯಾಯಸ್ಥಾನದ ಪರವಾಗಿ ನ್ಯಾಯಮೂರ್ತಿ ಬ್ರೆನನ್ ಅವರು ತೀರ್ಪನ್ನು ಬರೆದರು. ಲೈಸೆನ್ಸು ಹಕ್ಕೋ ಅನುಗ್ರಹವೋ ಎಂಬ ಹಳೆಯ ಭೇದದಿಂದ ಈ ಪ್ರಶ್ನೆ ತೀರುವುದಿಲ್ಲ. ಒಮ್ಮೆ ಕೊಟ್ಟ ಲೈಸೆನ್ಸು ಜೀವನೋಪಾಯಕ್ಕೆ ಅವಶ್ಯವಾಗಬಹುದು. ಅದನ್ನು ನ್ಯಾಯವಾದ ವಿಚಾರಣೆಯಿಲ್ಲದೆ ಕಿತ್ತುಕೊಳ್ಳುವಂತಿಲ್ಲ. ಜಾರ್ಜಿಯದ ಕಾನೂನು ಆಗಿಹೋದ ನಷ್ಟಕ್ಕೆ ಭದ್ರತೆಯನ್ನು ಬೇಡುತ್ತದೆ. ಹಾಗಾದರೆ ಆ ನಷ್ಟವನ್ನು ತೆರಬೇಕೆಂಬ ತೀರ್ಪು ಚಾಲಕನ ಮೇಲೆ ಆಗುವ ಸಂಭವವುಂಟೆ ಎಂಬಷ್ಟನ್ನಾದರೂ ಮೊದಲು ವಿಚಾರಿಸಬೇಕು. ಇದು ತೀರ್ಪಿನ ಸಾರಾಂಶ. ಜವಾಬನ್ನು ಕೇಳುವವನು ಉತ್ತರವನ್ನು ಆಲಿಸಲು ಬದ್ಧನೆಂಬುದು ಇದರಿಂದ ಹೊರಡುವ ನೀತಿ.

ಎರಡನೆಯದು ಜೂನ್ ೧ರ ಪೆರೆಜ್–ಕ್ಯಾಂಬೆಲ್ ತೀರ್ಪು. ಅರಿಜೋನ ಸಂಸ್ಥಾನದ ದಂಪತಿಗಳ ಮೇಲೆ ೧೯೬೫ರ ಅಪಘಾತವೊಂದರ ಬಾಬ್ತು ಡಿಕ್ರಿಯಾಗಿದ್ದಿತು. ಅವರು ದಿವಾಳಿಯ ಕಾನೂನಿನಂತೆ ಋಣಮುಕ್ತರಾದರೂ ಲೈಸೆನ್ಸುಗಳು ಅಮಾನತಿಗೆ ಹೋದುವು. ನ್ಯಾಯಮೂರ್ತಿ ವೈಟ್ ಅವರು ಐವರ ಬಹುಮತದ ಪರವಾಗಿ, ಈ ಕಾನೂನಿನ ನಿಜವಾದ ಗುರಿ ರಸ್ತೆಯ ಕ್ಷೇಮವಲ್ಲ, ಡಿಕ್ರಿಯ ವಸೂಲಿ ಎಂದು ನಿರ್ಣಯಿಸಿದರು. ಕೇಂದ್ರದ ಕಾನೂನು ತೊಡೆದುಹಾಕಿದ ಋಣವನ್ನು ಸಂಸ್ಥಾನದ ಕಾನೂನು ಹಿಂಬಾಗಿಲಿನಿಂದ ವಸೂಲು ಮಾಡುವಂತಿಲ್ಲ. ೧೯೪೧, ೧೯೬೨ರ ತೀರ್ಪುಗಳು ಇದಕ್ಕೆ ವಿರೋಧವಾದ ಮಟ್ಟಿಗೆ ನಿಲ್ಲಲಾರವೆಂದೂ ನ್ಯಾಯಸ್ಥಾನವು ಸಾರಿತು. ೧೯೭೮ರ ದಿವಾಳಿ ಶಾಸನದಲ್ಲಿ ಈ ತತ್ತ್ವಕ್ಕೆ ಕಲಮಿನ ರೂಪ ದೊರೆಯಿತು.

ಹೊಣೆಪತ್ರದ ಗತಿಯೇನಾಯಿತು? ಈ ಪ್ರಶ್ನೆಗೆ ೧೯೮೪ರಲ್ಲಿ ಒಹಾಯೊ ಸಂಸ್ಥಾನದ ಡಫಿ–ಡಾಲಿಸನ್ ಮೊಕದ್ದಮೆಯಲ್ಲಿ ಆರನೆಯ ಮಂಡಲದ ಕೇಂದ್ರ ಮೇಲ್ಮನವಿ ನ್ಯಾಯಸ್ಥಾನವು ಉತ್ತರ ಕೊಟ್ಟಿತು. ದಿವಾಳಿಯಿಂದ ಋಣಮುಕ್ತನಾದವನಿಂದ ಹಳೆಯ ಡಿಕ್ರಿಯ ಹಣವನ್ನು ಕೇಳುವಂತಿಲ್ಲ. ಆದರೆ ಮುಂದಿನ ನಷ್ಟಗಳಿಗೆ ರುಜುವಾತನ್ನು, ಋಣ ತೀರಿಸಿದವರಿಂದಲೂ ತೀರಿಸದವರಿಂದಲೂ ಸಮನಾಗಿ ಕೇಳುವ ಪಕ್ಷದಲ್ಲಿ, ಕೇಳಬಹುದು. ಅರವತ್ತು ವರ್ಷ ಒಂದೇ ಶಬ್ದದಲ್ಲಿ ಸಿಕ್ಕಿಕೊಂಡಿದ್ದ ಎರಡು ಎಳೆಗಳು ಇಲ್ಲಿಗೆ ಬಿಡಿಬಿಡಿಯಾದುವು. ಜವಾಬಿಗೆ ಬೇರೆ ನ್ಯಾಯ, ಜಾಮೀನಿಗೆ ಬೇರೆ ನ್ಯಾಯ.

೬

ಕಡ್ಡಾಯದ ವಿಮೆಯು ೧೯೫೬ರ ಅನಂತರ ಒಂದೊಂದು ಸಂಸ್ಥಾನವಾಗಿ ಹರಡಿತು. ವರ್ಜಿನಿಯ ಸಂಸ್ಥಾನದಲ್ಲಿ ೫೦೦ ಡಾಲರಿನ ಶುಲ್ಕವನ್ನು ತೆತ್ತು ವಿಮೆಯಿಲ್ಲದೆ ಗಾಡಿ ನಡೆಸುವ ಅವಕಾಶವು ಬಹುಕಾಲ ಉಳಿದಿದ್ದಿತು. ೨೦೨೪ರ ಜುಲೈ ೧ರಿಂದ ಅದೂ ರದ್ದಾಯಿತು. ಈಗ ಸಾಮಾನ್ಯ ಚಾಲಕನಿಗೆ ವಿಮೆಯನ್ನು ಕಡ್ಡಾಯ ಮಾಡದೆ ಉಳಿದಿರುವುದು ನ್ಯೂಹ್ಯಾಂಪ್‌ಷೈರೊಂದೇ. ತಪ್ಪುಮಾಡಿದವನಿಂದ ಮಾತ್ರ ಜಾಮೀನನ್ನು ಕೇಳುವ ೧೯೨೫ರ ತತ್ತ್ವವು ತನ್ನ ಹಳೆಯ ರೂಪದಲ್ಲಿ ಅಲ್ಲಿ ಇನ್ನೂ ಬದುಕಿದೆ.

ಎಲ್ಲರೂ ವಿಮೆ ಮಾಡಿಸಲೇಬೇಕಾದ ಮೇಲೆ, ಕೆಲವರಿಂದ ಮಾತ್ರ ಹೊಣೆಪತ್ರವನ್ನು ಕೇಳುವುದು ನಿಂತುಹೋಗಬೇಕಾಗಿದ್ದಿತು ಎಂದು ತೋರಬಹುದು. ನ್ಯೂಯಾರ್ಕು, ಪೆನ್ಸಿಲ್ವೇನಿಯ ಮೊದಲಾದ ಕೆಲವು ಸಂಸ್ಥಾನಗಳಲ್ಲಿ ಆ ನಮೂನೆಯ ಬಳಕೆಯಿಲ್ಲವೆಂಬುದೂ ನಿಜ. ಆದರೆ ಮಿಕ್ಕ ಕಡೆಗಳಲ್ಲಿ ಅದು ಉಳಿಯಿತು. ಇದಕ್ಕೆ ಕಾರಣವನ್ನು ಅದರ ಕಾರ್ಯಕ್ರಮದಲ್ಲಿಯೇ ಕಾಣಬಹುದು. ಕಡ್ಡಾಯವಾದರೂ ವಿಮೆಯ ಕಂತನ್ನು ಮೊದಲ ತಿಂಗಳು ಕಟ್ಟಿ, ನೋಂದಣಿಯಾದ ಮೇಲೆ ಬಿಟ್ಟುಬಿಡುವವರುಂಟು. ಹೊಣೆಪತ್ರವಿದ್ದಲ್ಲಿ ವಿಮೆ ನಿಂತ ಸಂಗತಿಯನ್ನು ಕಂಪೆನಿಯೇ ಸರ್ಕಾರಕ್ಕೆ ಹೇಳುತ್ತದೆ. ಎಂದರೆ ಅದರ ಮುಖ್ಯ ಗುಣವು ಹಣದ ಭರವಸೆಗಿಂತ ಹೆಚ್ಚಾಗಿ ಕಾವಲು. ಒಮ್ಮೆ ನಂಬಿಕೆ ಕಳೆದುಕೊಂಡವನ ಮೇಲೆ ಇಟ್ಟ ಕಣ್ಣು ಅದು.

ಕಾವಲು ದಂಡನೆಯ ಕಡೆಗೆ ವಾಲುವುದು ಸುಲಭ. ಫ್ಲಾರಿಡ ಸಂಸ್ಥಾನವು ೨೦೦೭ರಿಂದ, ಕುಡಿದು ಗಾಡಿ ನಡೆಸಿ ಶಿಕ್ಷೆಗೊಳಗಾದವರಿಗೆ ‘ಎಫ್. ಆರ್. ೪೪’ ಎಂಬ ಬೇರೆ ನಮೂನೆಯನ್ನು ತಂದಿತು. ವರ್ಜಿನಿಯದಲ್ಲಿಯೂ ಇದೇ ಹೆಸರಿನ ನಮೂನೆಯುಂಟು. ಫ್ಲಾರಿಡದ ನಮೂನೆಯಂತೆ ಒಬ್ಬನ ದೇಹಹಾನಿಗೆ ೧,೦೦,೦೦೦ ಡಾಲರು, ಒಂದು ಅಪಘಾತಕ್ಕೆ ೩,೦೦,೦೦೦ ಡಾಲರು, ಆಸ್ತಿನಷ್ಟಕ್ಕೆ ೫೦,೦೦೦ ಡಾಲರು ವಿಮೆಯಿರಬೇಕು. ಕುಡಿದವನ ಗಾಡಿಯಿಂದ ಆಗುವ ಹಾನಿ ದೊಡ್ಡದು, ಆದಕಾರಣ ಜಾಮೀನೂ ದೊಡ್ಡದಿರಬೇಕೆಂದು ಇದನ್ನು ಸಮರ್ಥಿಸಬಹುದು. ಜುಲ್ಮಾನೆಯನ್ನು ಕಂತಿನ ರೂಪದಲ್ಲಿ ಹೇರಿದಂತಾಯಿತೆಂದು ಆಕ್ಷೇಪಿಸಲೂಬಹುದು. ಎರಡಕ್ಕೂ ಆಧಾರವಿದೆ. ಗಾಯಗೊಂಡವನ ಕಡೆಯಿಂದ ನೋಡಿದರೆ ಮೊತ್ತವು ಹೆಚ್ಚಿದಷ್ಟೂ ಮೇಲು. ಕಂತನ್ನು ತೆರಲಾರದ ಬಡವನ ಕಡೆಯಿಂದ ನೋಡಿದರೆ ಬಸ್ಸೂ ರೈಲೂ ಇಲ್ಲದ ಊರಿನಲ್ಲಿ ಲೈಸೆನ್ಸು ಹೋಯಿತೆಂದರೆ ಕೂಲಿಯೂ ಹೋಯಿತು. ಅವನು ಲೈಸೆನ್ಸೂ ವಿಮೆಯೂ ಇಲ್ಲದೆ ಗಾಡಿಯನ್ನು ರಸ್ತೆಗೆ ತಂದನೆಂದರೆ, ಯಾರ ರಕ್ಷಣೆಗೆಂದು ಕಾನೂನು ಹುಟ್ಟಿತೋ ಆ ದಾರಿಹೋಕನೇ ರಕ್ಷಣೆಯಿಲ್ಲದವನಾಗುತ್ತಾನೆ. ಜಾಮೀನು ಕೈಗೆಟುಕುವಂತಿರುವವರೆಗೆ ಮಾತ್ರ ಜಾಮೀನು. ೧೯೩೮ರಲ್ಲಿ ಕಂಪೆನಿಗಳು ಒಲ್ಲದವರನ್ನು ಹಂಚಿಕೊಂಡುದರ ಮಹತ್ತ್ವವು ಇಲ್ಲಿ ಮತ್ತೆ ಮನದಟ್ಟಾಗುತ್ತದೆ.

೭

ನಮ್ಮ ದೇಶದ ಕಾನೂನಿನೊಡನೆ ಹೋಲಿಸಿದರೆ ಈ ಇತಿಹಾಸದ ವೈಶಿಷ್ಟ್ಯವು ಇನ್ನೂ ಸ್ಫುಟವಾಗುತ್ತದೆ. ಭಾರತದ ಮೋಟಾರು ಕಾನೂನು ಹಿಡಿದದ್ದು ಕನೆಟಿಕಟ್ಟಿನ ದಾರಿಯನ್ನಲ್ಲ, ಇಂಗ್ಲೆಂಡಿನ ದಾರಿಯನ್ನು. ಇಂಗ್ಲೆಂಡಿನಲ್ಲಿ ೧೯೩೦ರ ರಸ್ತೆ ಸಂಚಾರ ಶಾಸನವು ತೃತೀಯ ವ್ಯಕ್ತಿಗಾಗುವ ಹಾನಿಗೆ ಪ್ರತಿಯೊಬ್ಬನೂ ವಿಮೆ ಮಾಡಿಸಬೇಕೆಂದು ವಿಧಿಸಿತು. ಭಾರತದ ೧೯೩೯ರ ಮೋಟಾರು ವಾಹನಗ ಶಾಸನದ ಎಂಟನೆಯ ಅಧ್ಯಾಯವು ಇದೇ ತತ್ತ್ವವನ್ನು ಅಂಗೀಕರಿಸಿ, ೧೯೪೬ರ ಜುಲೈ ೧ರಿಂದ ಜಾರಿಗೆ ಬಂದಿತು. ೧೯೮೮ರ ಶಾಸನದ ೧೪೬ನೆಯ ಕಲಮು ಅದನ್ನು ಮುಂದುವರಿಸಿದೆ. ವಿಮೆಯಿಲ್ಲದೆ ಗಾಡಿ ನಡೆಸಿದರೆ, ೨೦೧೯ರ ತಿದ್ದುಪಡಿಯಂತೆ, ಮೊದಲ ಸಲ ೨,೦೦೦ ರೂಪಾಯಿ, ಮತ್ತೆ ಮಾಡಿದರೆ ೪,೦೦೦ ರೂಪಾಯಿ ಜುಲ್ಮಾನೆಯನ್ನಾಗಲಿ, ಮೂರು ತಿಂಗಳವರೆಗಿನ ಸೆರೆವಾಸವನ್ನಾಗಲಿ ವಿಧಿಸಬಹುದು.

ನಮ್ಮಲ್ಲಿ ವಿಮೆಯು ಮನುಷ್ಯನನ್ನು ಹಿಂಬಾಲಿಸುವುದಿಲ್ಲ, ಗಾಡಿಯನ್ನು ಹಿಂಬಾಲಿಸುತ್ತದೆ. ೧೯೮೮ರ ಶಾಸನದ ೧೫೭ನೆಯ ಕಲಮಿನಂತೆ ಗಾಡಿಯು ಮಾರಾಟವಾದರೆ ವಿಮೆಯೂ ಅದರೊಡನೆ ಹೊಸ ಒಡೆಯನಿಗೆ ಸಲ್ಲುತ್ತದೆ. ಹೊಸ ಕಾರುಗಳಿಗೆ ಮೂರು ವರ್ಷ, ಎರಡು ಗಾಲಿಯ ಗಾಡಿಗಳಿಗೆ ಐದು ವರ್ಷ ತೃತೀಯ ವ್ಯಕ್ತಿಯ ವಿಮೆಯನ್ನು ಒಟ್ಟಿಗೆ ಮಾಡಿಸಬೇಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ೨೦೧೮ರ ಸೆಪ್ಟೆಂಬರ್ ೧ರಿಂದ ಜಾರಿಗೆ ಬಂದ ಏರ್ಪಾಡಿನ ಗುರಿಯೂ ಗಾಡಿಯೇ. ಲೈಸೆನ್ಸನ್ನು ಅಮಾನತಿನಲ್ಲಿಡುವ ಅಧಿಕಾರ ನಮ್ಮಲ್ಲಿಯೂ ಉಂಟು. ಆದರೆ ಅದನ್ನು ಮರಳಿ ಕೊಡುವಾಗ ಚಾಲಕನ ಹೆಸರಿನಲ್ಲಿ ವಿಮಾ ಕಂಪೆನಿಯ ಹೊಣೆಪತ್ರವನ್ನು ಬೇಡುವ ಪದ್ಧತಿಯಿಲ್ಲ.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರವಾದ ಒಂದು ನಿಯಮವು ಮಾತ್ರ ಇದೆ. ೧೯೮೯ರ ಕರ್ನಾಟಕ ಮೋಟಾರು ವಾಹನ ನಿಯಮಗಳಿಗೆ ಆಮೇಲೆ ಸೇರಿಸಿದ ವಿಧಿಯಂತೆ, ಸಾವು ನೋವುಗಳಿಗೆ ಕಾರಣವಾದ ಗಾಡಿಗೆ ವಿಮೆಯಿಲ್ಲದಿದ್ದರೆ, ಪರಿಹಾರಕ್ಕೆ ಸಾಕಾದ ಭದ್ರತೆಯನ್ನು ಒಡೆಯನು ಒದಗಿಸುವವರೆಗೆ ನ್ಯಾಯಾಲಯವು ಆ ಗಾಡಿಯನ್ನು ಬಿಟ್ಟುಕೊಡುವಂತಿಲ್ಲ. ನ್ಯೂಹ್ಯಾಂಪ್‌ಷೈರಿನ ೧೯೩೭ರ ಠೇವಣಿಗೂ ಇದಕ್ಕೂ ಹೋಲಿಕೆಯಿದೆ. ಆದರೆ ಅಲ್ಲಿ ಒತ್ತೆಯಾದುದು ಮನುಷ್ಯನ ಲೈಸೆನ್ಸು, ಇಲ್ಲಿ ಒತ್ತೆಯಾಗುವುದು ಗಾಡಿ. ಗಾಡಿಯನ್ನು ಮಾರಿದರೆ ಗಾಯಗೊಂಡವನಿಗೆ ಸ್ವಲ್ಪವಾದರೂ ಹಣ ಬಂದೀತು. ಲೈಸೆನ್ಸನ್ನು ಮಾರಿ ಯಾರ ಗಾಯವನ್ನೂ ಕಟ್ಟಲಾಗದು. ಅದೇ ಸಮಯದಲ್ಲಿ ನಮ್ಮ ಪದ್ಧತಿಯ ಕೊರತೆಯನ್ನೂ ಒಪ್ಪಿಕೊಳ್ಳಬೇಕು. ಪದೇಪದೇ ತಪ್ಪುವ ಚಾಲಕನು ಬೇರೆಯವರ ಗಾಡಿಯ ವಿಮೆಯ ನೆರಳಿನಲ್ಲಿ ಸಾಗಿಹೋಗಬಹುದು. ಅವನ ಹೆಸರಿನ ಮೇಲೆ ನಿಲ್ಲುವ ಕಾವಲು ನಮ್ಮಲ್ಲಿಲ್ಲ.

೮

ಮೇಲಣ ಸಂಗತಿಗಳಿಂದ ತಿಳಿದುಬರುವುದು ಇಷ್ಟು. ಹೊಣೆಪತ್ರವು ೧೯೨೫ರಲ್ಲಿ ಭವಿಷ್ಯದ ಜಾಮೀನಾಗಿ ಹುಟ್ಟಿತು. ಮೊದಲನೆಯ ಗಾಯಾಳುವಿಗೆ ಅದು ಏನನ್ನೂ ಕೊಡಲಾರದೆಂಬ ಸಂಕಟದಿಂದ ಅದಕ್ಕೆ ಭೂತದ ಜವಾಬನ್ನೂ ಗಂಟುಹಾಕಿದರು. ಆ ಸಂಕಟವು ನ್ಯಾಯವಾದುದು. ಆ ಗಂಟು ನ್ಯಾಯವಾದುದಲ್ಲ. ಅದನ್ನು ಬಿಡಿಸಲು ಹಳ್ಳಿಯ ಪಾದ್ರಿಯೊಬ್ಬರೂ ದಿವಾಳಿಯಾದ ದಂಪತಿಗಳೂ ದೇಶದ ಅತ್ಯುನ್ನತ ನ್ಯಾಯಸ್ಥಾನದ ಬಾಗಿಲನ್ನು ತಟ್ಟಬೇಕಾಯಿತು. ಗಾಯಾಳುವಿನ ಸಂಕಟವನ್ನು ನೀಗಿದುದಾದರೋ ಲೈಸೆನ್ಸಿನ ಅಮಾನತಲ್ಲ. ಎಲ್ಲರನ್ನೂ ಒಳಗೊಂಡ ಕಡ್ಡಾಯದ ವಿಮೆಯೂ, ವಿಮೆಯಿಲ್ಲದವರಿಂದ ಆಗುವ ಹಾನಿಗೆ ೧೯೫೭ರಲ್ಲಿ ನ್ಯೂಹ್ಯಾಂಪ್‌ಷೈರು ಮೊದಲಾಗಿ ವಿಧಿಸಿದ ರಕ್ಷಾವಿಮೆಯೂ ಆ ಕೆಲಸವನ್ನು ಮಾಡಿದುವು.

ಸಾಹಿತ್ಯವನ್ನು ಪಾಠಹೇಳುವವರು ಶಬ್ದಗಳ ಅರ್ಥವನ್ನು ಬಿಡಿಸಿ ತೋರಿಸುವುದು ಕಾವ್ಯದ ಸ್ವಾರಸ್ಯಕ್ಕಾಗಿ ಎಂದು ಜನ ಸಾಮಾನ್ಯವಾಗಿ ತಿಳಿಯುತ್ತಾರೆ. ‘ನೀನು ಹೊಣೆ’ ಎಂದು ಒಬ್ಬನಿಗೆ ಹೇಳುವಾಗ, ನೀನು ತಪ್ಪಿದೆ ಎನ್ನುತ್ತಿದ್ದೇವೆಯೋ, ಮುಂದಕ್ಕೆ ಮಾತು ಕೊಡು ಎನ್ನುತ್ತಿದ್ದೇವೆಯೋ ಎಂಬುದನ್ನು ಬೇರ್ಪಡಿಸದೆ ಹೋದುದರಿಂದ ಒಂದು ದೊಡ್ಡ ದೇಶದ ಶಾಸನಸಭೆಗಳು ಎಡವಿದುವು. ತಪ್ಪಿದೆ ಎಂದರೆ ವಿಚಾರಣೆ ನಡೆಯಬೇಕು. ಮಾತು ಕೊಡು ಎಂದರೆ ಮಾತು ಕೊಡುವ ಶಕ್ತಿ ಅವನಿಗೆ ಎಟುಕುವಂತಿರಬೇಕು. ಈ ಎರಡನ್ನೂ ನಡೆಸಿಕೊಟ್ಟ ಮೇಲೆಯೇ ಸರ್ಕಾರಕ್ಕೆ ಒಬ್ಬನ ಲೈಸೆನ್ಸನ್ನು ಒತ್ತೆಯಿಟ್ಟುಕೊಳ್ಳುವ ಅಧಿಕಾರವು ಸಲ್ಲುತ್ತದೆ.